ವೆಬ್ ಪುಟಕ್ಕೆ ಚೊಕ್ಕ ವಿಳಾಸ ಕೊಡುವುದು ಹೇಗೆ? ಕನ್ನಡ ಸೈಟ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಕಟಪಾಡಿಯ ನಮ್ಮ ಚಿಕ್ಕಮ್ಮ ಮನೆಯಲ್ಲೇ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರಿಗೆ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಒಂದು ಮಧ್ಯಾಹ್ನ ಮುಂಬೈಯಿಂದ ಯಾರೋ ಫೋನ್ ಮಾಡಿ, ಹಲಸಿನ ಹಪ್ಪಳದ ಪುಟದ ವಿಳಾಸ ಹೇಳಿ ಅಂದರು. ಚಿಕ್ಕಮ್ಮ ಕನ್ನಡಕ ಏರಿಸಿ, ಕಂಪ್ಯೂಟರ್ ನೋಡುತ್ತಾ ಓದತೊಡಗಿದರು. "ಐಟಂ ಡಾಟ್ ಪಿಎಚ್‌ಪಿ, ಆಮೇಲೆ ಪ್ರಶ್ನೆ ಚಿಹ್ನೆ, ಐಡಿ, ಈಕ್ವಲ್ ಟು, ನಲ್ವತ್ತೇಳು, ಆಮೇಲೆ ಆಂಡ್ ಅಂತ ಬರೀತಾರಲ್ಲ ಅದು..." ಆ ಕಡೆಯವರು, ಇರಲಿ ಬಿಡಿ, ವಾಟ್ಸಾಪ್‌ನಲ್ಲಿ ಕಳಿಸಿ ಅಂದರು. ಫೋನ್ ಇಟ್ಟ ಚಿಕ್ಕಮ್ಮ ನನ್ನ ಕಡೆ ತಿರುಗಿ, "ಇದೆಂತ ಮಾರಾಯ, ಬಾಯಲ್ಲಿ ಹೇಳ್ಲಿಕ್ಕೆ ಆಗುವಂಥದ್ದು ಮಾಡ್ಲಿಕ್ಕೆ ಆಗುದಿಲ್ವಾ?" ಅಂತ ಕೇಳಿದರು.

ಈಗ ನಾನು ಯಾವ ಪುಟ ಮಾಡಿದರೂ ಇದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ವಿಳಾಸವನ್ನು ಬಾಯಲ್ಲಿ ಹೇಳಲು ಆಗುತ್ತದಾ? ಆಗುತ್ತದೆ ಅಂದರೆ ಮುಕ್ಕಾಲು ಕೆಲಸ ಮುಗಿದಂತೆ. ಮನುಷ್ಯರಿಗೆ ಓದಲು ಸುಲಭವಾದ ವಿಳಾಸ ಗೂಗಲ್‌ನಂಥ ಸರ್ಚ್ ಎಂಜಿನ್‌ಗೂ ಸುಲಭ. ಉಳಿದ ಕಾಲು ಭಾಗ ಸ್ವಲ್ಪ ತಾಂತ್ರಿಕ. ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಬರುವ ಒಂದೆರಡು ತೊಡಕೂ ಅದರಲ್ಲಿವೆ. ಅವನ್ನು ಬಿಡಿಸಿ ಹೇಳುವುದೇ ಈ ಬರಹದ ಮುಖ್ಯ ಉದ್ದೇಶ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಉದಾಹರಣೆಯ ವಿಳಾಸಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಲ್ಲಿ ಇಂಗ್ಲಿಷ್ ಅಕ್ಷರ ಹಾಕಬೇಕು, ಎಲ್ಲಿ ಕನ್ನಡ ಅಕ್ಷರ ಹಾಕಬಹುದು ಅನ್ನುವುದು ನಾಲ್ಕನೇ ಹೆಜ್ಜೆಯಲ್ಲಿ ಬರುತ್ತದೆ.

ಹೆಜ್ಜೆ 1: ವಿಳಾಸದ ಭಾಗಗಳನ್ನು ಗುರುತಿಸಿ

ಈ ಒಂದು ವಿಳಾಸ ನೋಡಿ:

ಎಚ್‌ಟಿಟಿಪಿಎಸ್://ನಮ್ಮಂಗಡಿ.ಇನ್/ಹಪ್ಪಳ/ಹಲಸು?ತೂಕ=500#ಬೆಲೆ

ಮೊದಲಿನದು ಸುರಕ್ಷಿತ ಸಂಪರ್ಕದ ಗುರುತು. ಆಮೇಲೆ ಬರುವುದು ಡೊಮೇನ್, ಅಂದರೆ ಸೈಟ್‌ನ ಹೆಸರು. ಓರೆಗೆರೆಯ ನಂತರದ್ದು ದಾರಿ. ಪ್ರಶ್ನೆ ಚಿಹ್ನೆಯಿಂದ ಶುರುವಾಗುವುದು ಸೈಟ್ ಇಟ್ಟಿರುವ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ ಕೊಡುವ ಹೆಚ್ಚುವರಿ ಸೂಚನೆ, ಇದನ್ನು ಪ್ಯಾರಾಮೀಟರ್ ಅನ್ನುತ್ತಾರೆ. ಹ್ಯಾಶ್ ಚಿಹ್ನೆಯ ನಂತರದ್ದು ಅದೇ ಪುಟದೊಳಗಿನ ಒಂದು ಜಾಗ.

ದಾರಿ ಅನ್ನುವುದನ್ನು ನಮ್ಮ ಬಸ್ಸಿನ ಬೋರ್ಡಿನ ಹಾಗೆ ಓದಿ. ಮಂಗಳೂರು, ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ. ಬೋರ್ಡ್ ನೋಡಿದ ಕೂಡಲೇ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವ ದಾರಿಯಾಗಿ ಹೋಗುತ್ತದೆ ಅಂತ ಗೊತ್ತಾಗುತ್ತದೆ. ವಿಳಾಸವೂ ಹಾಗೆಯೇ ಇರಬೇಕು. /ಹಪ್ಪಳ/ಹಲಸು ಅಂದಾಗ ಪುಟ ತೆರೆಯುವ ಮೊದಲೇ ಒಳಗೆ ಏನಿದೆ ಅಂತ ತಿಳಿಯುತ್ತದೆ. ಐಟಂ.ಪಿಎಚ್‌ಪಿ?ಐಡಿ=47 ಅಂದರೆ ಬೋರ್ಡೇ ಇಲ್ಲದ ಬಸ್ಸು.

ಇನ್ನೊಂದು ವಿಷಯ ಇಲ್ಲೇ ನೆನಪಿಡಿ. ಡೊಮೇನ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ ಹಾಕಿದರೂ ಸಣ್ಣ ಅಕ್ಷರ ಹಾಕಿದರೂ ಒಂದೇ. ಆದರೆ ದಾರಿಯಲ್ಲಿ ಹಾಗಲ್ಲ. ಗೂಗಲ್‌ನ ಲೆಕ್ಕದಲ್ಲಿ ದೊಡ್ಡ ಅಕ್ಷರದ ಉಡುಪಿ ಒಂದು ಪುಟ, ಸಣ್ಣ ಅಕ್ಷರದ ಉಡುಪಿ ಇನ್ನೊಂದು ಪುಟ. ಹಾಗಾಗಿ ಎಲ್ಲ ಕಡೆ ಸಣ್ಣ ಅಕ್ಷರವನ್ನೇ ಬಳಸಿ.

ಹೆಜ್ಜೆ 2: ಕಂಪ್ಯೂಟರ್ ಮುಚ್ಚಿ, ಕಾಗದ ತೆಗೆಯಿರಿ

ಸೈಟ್ ಕಟ್ಟುವ ಮೊದಲು ಒಂದು ಹಾಳೆಯಲ್ಲಿ ಪುಟಗಳ ಪಟ್ಟಿ ಬರೆಯಿರಿ. ಚಿಕ್ಕಮ್ಮನ ಸೈಟ್‌ಗೆ ನಾವು ಬರೆದದ್ದು ಹೀಗಿತ್ತು: ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಅಡುಗೆ ವಿಧಾನ, ಸಂಪರ್ಕ. ಹಪ್ಪಳದ ಕೆಳಗೆ ಹಲಸು, ಉದ್ದು, ಗೆಣಸು. ಇಷ್ಟೇ. ಇದೇ ವಿಳಾಸದ ಎಲುಬು.

ಸಣ್ಣ ಸೈಟ್‌ಗೆ ಒಂದು ಹಂತ ಸಾಕು, ಜಾಸ್ತಿ ಅಂದರೆ ಎರಡು. /ಅಂಗಡಿ/ಉತ್ಪನ್ನ/ತಿಂಡಿ/ಕುರುಕಲು/ಹಪ್ಪಳ/ಹಲಸು ಅಂತ ಉದ್ದಕ್ಕೆ ಎಳೆಯಬೇಡಿ. ನಾಳೆ ಆ ಹಪ್ಪಳವನ್ನು ಬೇರೆ ವಿಭಾಗಕ್ಕೆ ಹಾಕಬೇಕು ಅನ್ನಿಸಿದರೆ ಇಡೀ ವಿಳಾಸ ಕೆಡುತ್ತದೆ.

ಇಲ್ಲಿಯೇ ನನ್ನ ಮುಖ್ಯ ನಿಯಮ ಬರುತ್ತದೆ. ಬದಲಾಗುವ ಯಾವುದನ್ನೂ ವಿಳಾಸದಲ್ಲಿ ಇಡಬೇಡಿ. ಬೆಲೆ ಬದಲಾಗುತ್ತದೆ. ವರ್ಷ ಹಳೆಯದಾಗುತ್ತದೆ. "ಹೊಸ" ಅನ್ನುವುದು ಮುಂದಿನ ತಿಂಗಳಿಗೆ ಹೊಸದಾಗಿ ಉಳಿಯುವುದಿಲ್ಲ. ಬರೆದವರ ಹೆಸರು, ಸೈಟ್ ನಡೆಸುವ ತಂತ್ರಾಂಶದ ಹೆಸರು, ಡಾಟ್ ಪಿಎಚ್‌ಪಿಯಂಥ ಬಾಲ, ಇವೂ ಬೇಡ. ತಂತ್ರಾಂಶ ಬದಲಾಯಿಸಿದ ದಿನ ಬಾಲವೂ ಬದಲಾಗುತ್ತದೆ, ಅದರ ಜೊತೆ ಎಲ್ಲ ಹಳೆಯ ಲಿಂಕ್‌ಗಳೂ ಸಾಯುತ್ತವೆ.

ವರ್ಷದ ಬಗ್ಗೆ ಒಂದು ವಿನಾಯಿತಿ ಇದೆ. ಪುಟದ ವಿಷಯವೇ ಒಂದು ವರ್ಷಕ್ಕೆ ಸೇರಿದ್ದಾದರೆ ವರ್ಷ ಇರಲಿ. ಉಡುಪಿಯ ಅಷ್ಟ ಮಠಗಳ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುತ್ತದೆ. 2024ರ ಪರ್ಯಾಯದ ಫೋಟೋ ಪುಟಕ್ಕೆ /ಪರ್ಯಾಯ-2024 ಅಂತಲೇ ಇರಬೇಕು, ಯಾಕೆಂದರೆ 2026ರದ್ದು ಬೇರೆ ಪುಟ. ಆದರೆ ಪರ್ಯಾಯ ಅಂದರೇನು ಅಂತ ವಿವರಿಸುವ ಪುಟಕ್ಕೆ ಬರೀ /ಪರ್ಯಾಯ ಸಾಕು. ಅದನ್ನು ವರ್ಷವರ್ಷ ತಿದ್ದುತ್ತಾ ಹೋದರೆ ಆಯಿತು, ವಿಳಾಸ ಅದೇ ಇರುತ್ತದೆ.

ಹೆಜ್ಜೆ 3: ಪದಗಳನ್ನು ಆರಿಸಿ

ಮೂರರಿಂದ ಐದು ಪದ. ಅದಕ್ಕಿಂತ ಜಾಸ್ತಿ ಬೇಕಾಗುವುದು ತುಂಬ ಕಡಿಮೆ. ಪುಟದ ಶೀರ್ಷಿಕೆ ಎಷ್ಟೇ ಉದ್ದ ಇರಲಿ, ವಿಳಾಸದಲ್ಲಿ ಅದರ ತಿರುಳು ಮಾತ್ರ ಇರಲಿ. "ಮಳೆಗಾಲದಲ್ಲಿ ಬಾಯಲ್ಲಿ ನೀರೂರಿಸುವ ಪತ್ರೊಡೆಯನ್ನು ಮನೆಯಲ್ಲೇ ಮಾಡುವುದು ಹೇಗೆ" ಅನ್ನುವ ಬರಹಕ್ಕೆ /ಪತ್ರೊಡೆ-ಮಾಡುವ-ವಿಧಾನ ಸಾಕು. ಇನ್ನೂ ಚಿಕ್ಕದು ಬೇಕಾದರೆ /ಪತ್ರೊಡೆ.

ಪದಗಳ ನಡುವೆ ಅಡ್ಡಗೀಟು, ಅಂದರೆ ಹೈಫನ್ ಹಾಕಿ. ಅಂಡರ್‌ಸ್ಕೋರ್ ಬೇಡ. ಪದಗಳನ್ನು ಬೇರೆ ಮಾಡಲು ಹೈಫನ್ ಬಳಸಿ ಅಂತ ಗೂಗಲ್ ತಾನೇ ಸಲಹೆ ಕೊಡುತ್ತದೆ. ಮನುಷ್ಯರ ಕಡೆಯಿಂದಲೂ ಕಾರಣ ಇದೆ. ಲಿಂಕ್‌ಗೆ ಅಡಿಗೆರೆ ಬಿದ್ದಾಗ ಅಂಡರ್‌ಸ್ಕೋರ್ ಅದರೊಳಗೆ ಮುಳುಗಿಹೋಗುತ್ತದೆ. ನೋಡುವವರಿಗೆ ಅಲ್ಲಿ ಖಾಲಿ ಜಾಗ ಇದೆ ಅಂತಲೇ ಕಾಣುತ್ತದೆ. ನಿಜವಾದ ಖಾಲಿ ಜಾಗವನ್ನಂತೂ ಬಿಡಲೇಬೇಡಿ, ಅದು %20 ಅಂತ ಬದಲಾಗಿ ವಿಳಾಸದ ನಡುವೆ ಕೂರುತ್ತದೆ.

ಒಂದೇ ಪದವನ್ನು ಮತ್ತೆ ಮತ್ತೆ ತುರುಕಬೇಡಿ. /ಮಂಗಳೂರು-ಬನ್ಸ್-ಮಂಗಳೂರು-ಬನ್ಸ್-ರೆಸಿಪಿ-ಬೆಸ್ಟ್-ಬನ್ಸ್ ಅನ್ನುವಂಥ ವಿಳಾಸ ನೋಡಿದರೆ ನನಗೆ ಆ ಪುಟ ತೆರೆಯಲು ಮನಸ್ಸೇ ಬರುವುದಿಲ್ಲ. ಅದರಿಂದ ಲಾಭವೂ ಇಲ್ಲ. ವಿಳಾಸದಲ್ಲಿರುವ ಪದ ಸರ್ಚ್ ಎಂಜಿನ್‌ಗೆ ಒಂದು ಸಣ್ಣ ಸುಳಿವು ಮಾತ್ರ. ಪುಟದೊಳಗಿನ ಬರಹವೇ ಮುಖ್ಯ.

ಹಾಗಾದರೆ ಇಷ್ಟೆಲ್ಲ ಕಷ್ಟ ಯಾಕೆ ಅಂತ ಕೇಳಬಹುದು. 2025ರ ಜನವರಿಯಲ್ಲಿ ಗೂಗಲ್ ಮೊಬೈಲ್ ಫಲಿತಾಂಶಗಳಲ್ಲಿ ಡೊಮೇನ್ ಹೆಸರಿನ ಮುಂದೆ ದಾರಿಯನ್ನು ತೋರಿಸುವುದನ್ನೂ ನಿಲ್ಲಿಸಿತು. ನಿಜ. ಆದರೆ ಕಂಪ್ಯೂಟರಿನಲ್ಲಿ ಈಗಲೂ ಕಾಣುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಹಂಚಿದಾಗ ಕಾಣುತ್ತದೆ. ಪ್ಯಾಕೆಟ್ ಮೇಲೆ, ಮದುವೆ ಕಾಗದದ ಮೇಲೆ, ಯಕ್ಷಗಾನದ ಕರಪತ್ರದ ಮೇಲೆ ಅಚ್ಚಾದಾಗ ಕಾಣುತ್ತದೆ. ಸಂಶಯ ಬರುವಂಥ ಲಿಂಕ್ ಒತ್ತಬೇಡಿ ಅಂತ ಬ್ಯಾಂಕಿನವರು ದಿನವೂ ಎಚ್ಚರಿಸುವ ಕಾಲದಲ್ಲಿ, ಓದಿದ ಕೂಡಲೇ ಅರ್ಥವಾಗುವ ಲಿಂಕ್‌ಗೆ ಬೆಲೆ ಜಾಸ್ತಿಯೇ ಆಗಿದೆ.

ಈಗ ನಮ್ಮ ಊರಿನದ್ದೇ ಒಂದು ಸಮಸ್ಯೆ. ನಮ್ಮ ಊರಿಗೆ ಎಷ್ಟು ಹೆಸರು! ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಭಾಷೆಯಲ್ಲಿ ಮೈಕಾಲ. ಇಂಗ್ಲಿಷಿನಲ್ಲಿ ಮ್ಯಾಂಗಲೋರ್ ಅಂತ ಇದ್ದದ್ದು 2014ರ ನವೆಂಬರ್ 1ರಂದು ಅಧಿಕೃತವಾಗಿ ಮಂಗಳೂರು ಆಯಿತು. ಆದರೂ ಬನ್ಸ್ ಹುಡುಕುವವರಲ್ಲಿ ಎಷ್ಟೋ ಜನ ಇವತ್ತಿಗೂ ಮ್ಯಾಂಗಲೋರ್ ಬನ್ಸ್ ಅಂತಲೇ ಟೈಪ್ ಮಾಡುತ್ತಾರೆ. ಹಾಗಾದರೆ ವಿಳಾಸದಲ್ಲಿ ಯಾವುದು?

ನಾನು ಮಾಡುವುದು ಇಷ್ಟು. ಜನ ಯಾವ ಪದವನ್ನು ಎಷ್ಟು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ತೆರೆದು ಎರಡೂ ಕಾಗುಣಿತ ಹಾಕಿ ಹೋಲಿಸುತ್ತೇನೆ. ಸರ್ಚ್ ಪೆಟ್ಟಿಗೆಯಲ್ಲಿ ಅರ್ಧ ಪದ ಟೈಪ್ ಮಾಡಿ, ಕೆಳಗೆ ಯಾವ ಸಲಹೆ ಮೊದಲು ಬರುತ್ತದೆ ಅಂತ ನೋಡುತ್ತೇನೆ. ಜನ ಹೆಚ್ಚು ಬಳಸುವ ಒಂದನ್ನು ವಿಳಾಸಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದ ಹೆಸರುಗಳನ್ನು ಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ ಸಹಜವಾಗಿ ತರುತ್ತೇನೆ. ಒಮ್ಮೆ ಆರಿಸಿದ ಕಾಗುಣಿತವನ್ನು ಇಡೀ ಸೈಟ್‌ಗೆ ಪಾಲಿಸುತ್ತೇನೆ. ಒಂದು ಪುಟದಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸದು ಅಂತ ಬೆರೆಸಿದರೆ ಆರು ತಿಂಗಳ ನಂತರ ನಮಗೇ ನೆನಪಿರುವುದಿಲ್ಲ. ಗೋಳಿಬಜೆ, ನೀರ್ ದೋಸೆ, ಕೋರಿ ರೊಟ್ಟಿ, ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಮೂರು ನಾಲ್ಕು ಕಾಗುಣಿತ ಇವೆ. ದೋಸೆಯ ಕೊನೆಗೆ ಎ ಹಾಕುವುದಾ, ಇ ಹಾಕುವುದಾ? ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 4: ಕನ್ನಡ ಅಕ್ಷರವಾ, ಇಂಗ್ಲಿಷ್ ಅಕ್ಷರವಾ?

ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ವೆಬ್ ವಿಳಾಸದ ನಿಯಮಗಳನ್ನು ಮೊದಲು ಪ್ರಕಟಿಸಿದ್ದು 1994ರಲ್ಲಿ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರೇ ಅದನ್ನು ಬರೆದವರಲ್ಲಿ ಒಬ್ಬರು. ಆ ನಿಯಮದಲ್ಲಿ ಜಾಗ ಸಿಕ್ಕಿದ್ದು ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗೆ ಮಾತ್ರ. 2005ರಲ್ಲಿ ಬಂದ ಪರಿಷ್ಕೃತ ನಿಯಮದಲ್ಲೂ ಹಾಗೆಯೇ. ಹಾಗಾಗಿ ಕನ್ನಡ ಅಕ್ಷರ ಹಾಕಿದಾಗ ಬ್ರೌಸರ್ ಅದನ್ನು ಒಳಗೊಳಗೇ ಶೇಕಡಾ ಚಿಹ್ನೆಯ ಸಂಕೇತಗಳಾಗಿ ಬದಲಾಯಿಸಿ ಕಳಿಸುತ್ತದೆ. ಕಣ್ಣಿಗೆ ಕನ್ನಡ ಕಂಡರೂ ತಂತಿಯಲ್ಲಿ ಹೋಗುವುದು ಸಂಕೇತ.

ಲೆಕ್ಕ ಹಾಕಿ ನೋಡಿ. "ಉ" ಅನ್ನುವ ಒಂದೇ ಅಕ್ಷರ %ಇ0%ಬಿ2%89 ಆಗುತ್ತದೆ. ಅಂದರೆ ಒಂಬತ್ತು ಸ್ಥಾನ. ಕಂಪ್ಯೂಟರಿನ ಲೆಕ್ಕದಲ್ಲಿ "ಉಡುಪಿ" ಅನ್ನುವುದು ಉ, ಡ, ಕೊಂಬು, ಪ, ಗುಡಿಸು, ಹೀಗೆ ಐದು ತುಂಡು. ಐದೊಂಬತ್ತಲೆ 45 ಸ್ಥಾನ! "ಮಂಗಳೂರು" ಏಳು ತುಂಡು, 63 ಸ್ಥಾನ. ಕನ್ನಡ ವಿಳಾಸವನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿದಾಗ ಮಾರುದ್ದದ ಶೇಕಡಾ ಚಿಹ್ನೆಗಳ ಸಾಲು ಬರುತ್ತದಲ್ವಾ, ಅದಕ್ಕೆ ಕಾರಣ ಇದೇ.

ವರ್ಡ್‌ಪ್ರೆಸ್ ಅನ್ನುವ ಸೈಟ್ ನಡೆಸುವ ತಂತ್ರಾಂಶ ಬಳಸುವವರಿಗೆ ಇದರಿಂದ ಇನ್ನೊಂದು ಪೆಟ್ಟು. ಶೀರ್ಷಿಕೆಯಿಂದ ವಿಳಾಸದ ಕೊನೆಯ ತುಂಡನ್ನು ಅದೇ ತಯಾರಿಸುತ್ತದೆ. ಇದಕ್ಕೆ ಸ್ಲಗ್ ಅಂತ ಹೆಸರು. ಸ್ಲಗ್‌ಗೆ ವರ್ಡ್‌ಪ್ರೆಸ್ ಕೊಡುವುದು 200 ಸ್ಥಾನ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡಕ್ಕೆ ಹೆಚ್ಚೆಂದರೆ 22 ತುಂಡು. ನಾನು ಒಮ್ಮೆ "ಮಟ್ಟುಗುಳ್ಳದ ಬೋಳು ಹುಳಿ ಮಾಡುವ ವಿಧಾನ" ಅಂತ ಶೀರ್ಷಿಕೆ ಕೊಟ್ಟೆ. ಮಟ್ಟುಗುಳ್ಳ ಅಂದರೆ ಉಡುಪಿ ಹತ್ತಿರದ ಮಟ್ಟು ಊರಿನ ಬದನೆ, ಭೌಗೋಳಿಕ ಮಾನ್ಯತೆ ಸಿಕ್ಕಿರುವಂಥದ್ದು. ಪ್ರಕಟಿಸಿ ನೋಡಿದರೆ ವಿಳಾಸ ಹೀಗೆ ನಿಂತಿತ್ತು:

/ಮಟ್ಟುಗುಳ್ಳದ-ಬೋಳು-ಹುಳಿ-ಮಾ

"ಮಾಡುವ" ಅನ್ನುವ ಪದ "ಮಾ"ಗೇ ಕತ್ತರಿಸಿಹೋಗಿತ್ತು. ಲೆಕ್ಕ ಸರಿಯಾಗಿಯೇ ಇದೆ. ಮೊದಲ ಪದಕ್ಕೆ 99, ಮುಂದಿನ ಎರಡಕ್ಕೆ 36 ಮತ್ತು 36, ಮೂರು ಗೀಟಿಗೆ 3, "ಮಾ"ಗೆ 18. ಒಟ್ಟು 192. ಇನ್ನೊಂದು ಒಂಬತ್ತಕ್ಕೆ ಜಾಗ ಇಲ್ಲ. ಹಾಗಾಗಿ ಕನ್ನಡ ಅಕ್ಷರದ ವಿಳಾಸ ಇಡುವವರು ತಂತ್ರಾಂಶ ಕೊಟ್ಟದ್ದನ್ನು ಹಾಗೇ ಬಿಡಬಾರದು. ಕೈಯಾರೆ ಚಿಕ್ಕದು ಮಾಡಿ: /ಮಟ್ಟುಗುಳ್ಳ-ಬೋಳುಹುಳಿ.

ಕನ್ನಡದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರವೂ ಇದೆ. "ವೆಬ್‌ಸೈಟ್" ಅಂತ ಬರೆಯುವಾಗ ಬ್ ಮತ್ತು ಸೈ ಒತ್ತಕ್ಷರವಾಗಿ ಅಂಟಬಾರದು ಅಂತ ನಾವು ನಡುವೆ ಒಂದು ಶೂನ್ಯ ಅಗಲದ ಅಕ್ಷರ ಹಾಕುತ್ತೇವೆ. ಕೀಬೋರ್ಡ್ ಅದನ್ನು ತಾನಾಗಿಯೇ ಹಾಕುವುದೂ ಉಂಟು. ಅದು ವಿಳಾಸದೊಳಗೆ ಸೇರಿಕೊಂಡರೆ, ನೋಡಲು ಒಂದೇ ಥರ ಇರುವ ಎರಡು ವಿಳಾಸ ಬೇರೆಬೇರೆಯಾಗುತ್ತವೆ. "ಬೋ"ದ ದೀರ್ಘವೂ ಹಾಗೆಯೇ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ಅದನ್ನು ಒಂದೇ ತುಂಡಾಗಿ ಬರೆಯಬಹುದು, ಬಿಡಿಬಿಡಿ ತುಂಡು ಸೇರಿಸಿಯೂ ಬರೆಯಬಹುದು. ಕನ್ನಡ ವಿಳಾಸ ಕೆಲಸ ಮಾಡದೆ ತಲೆ ಕೆಟ್ಟರೆ ಮೊದಲು ಇದನ್ನು ನೋಡಿ.

ಇಷ್ಟು ಹೇಳಿದ ಮಾತ್ರಕ್ಕೆ ಕನ್ನಡ ಅಕ್ಷರ ಬೇಡ ಅಂತ ನನ್ನ ಅರ್ಥ ಅಲ್ಲ. ಓದುಗರ ಭಾಷೆಯಲ್ಲೇ ವಿಳಾಸ ಇಡಿ ಅಂತ ಗೂಗಲ್ ಕೂಡ ಹೇಳುತ್ತದೆ. ಕನ್ನಡ ವಿಕಿಪೀಡಿಯದ ಪುಟಗಳ ವಿಳಾಸ ಕನ್ನಡದಲ್ಲೇ ಇದೆ, ಚೆನ್ನಾಗಿಯೇ ನಡೆಯುತ್ತಿದೆ. ನನ್ನ ತೀರ್ಮಾನ ಹೀಗೆ. ಕಥೆ, ಲೇಖನ, ಕವಿತೆ, ಇತಿಹಾಸದ ಸೈಟ್ ಆದರೆ ಕನ್ನಡ ಅಕ್ಷರ ಇಡಿ, ಆದರೆ ಎರಡು ಮೂರು ಪದಕ್ಕೆ ಮೀರದಂತೆ. ಅಂಗಡಿ, ಹೋಂಸ್ಟೇ, ಕ್ಲಿನಿಕ್, ದೇವಸ್ಥಾನದ ಸೇವಾ ಬುಕಿಂಗ್, ಅಂದರೆ ಜನ ಫೋನಿನಲ್ಲಿ ಕೇಳಿ ಟೈಪ್ ಮಾಡುವ ಸೈಟ್ ಆದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ. "ಹಪ್ಪಳ" ಅಂತಲೇ ಬರೆಯಿರಿ, ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದ ಕೀಬೋರ್ಡ್ ಇಲ್ಲದವರೂ ತಲುಪುತ್ತಾರೆ. ಯಾವುದನ್ನೇ ಆರಿಸಿ, ಎರಡನ್ನೂ ಒಂದೇ ವಿಳಾಸದಲ್ಲಿ ಬೆರೆಸಬೇಡಿ.

ಡೊಮೇನ್ ಹೆಸರೇ ಕನ್ನಡದಲ್ಲಿ ಇರಬಹುದು, ಕೊನೆಗೆ .ಭಾರತ ಅಂತ ಬರುವ ಕನ್ನಡ ಡೊಮೇನ್ ಇದೆ. ಆದರೆ ಎಷ್ಟೋ ಫಾರಂಗಳು, ಇಮೇಲ್ ಸೇವೆಗಳು ಅದನ್ನು ಇನ್ನೂ ಸರಿಯಾಗಿ ಒಪ್ಪುವುದಿಲ್ಲ. ಜೊತೆಗೆ ಒಂದು ಇಂಗ್ಲಿಷ್ ಅಕ್ಷರದ ಡೊಮೇನ್ ಇಟ್ಟುಕೊಳ್ಳಿ.

ಹೆಜ್ಜೆ 5: ತಂತ್ರಾಂಶದಲ್ಲಿ ಹೊಂದಿಸಿ

ವರ್ಡ್‌ಪ್ರೆಸ್: ಸೆಟ್ಟಿಂಗ್ಸ್ ಒಳಗೆ ಪರ್ಮಾಲಿಂಕ್ಸ್ ತೆರೆಯಿರಿ. "ಪೋಸ್ಟ್ ನೇಮ್" ಆರಿಸಿ ಸೇವ್ ಮಾಡಿ. ದಿನಾಂಕ ಇರುವ ಆಯ್ಕೆಗಳು ಸುದ್ದಿ ಸೈಟ್‌ಗೆ ಸರಿ, ಉಳಿದವರಿಗೆ ಬೇಡ. ಆಮೇಲೆ ಪ್ರತಿ ಬರಹ ಪ್ರಕಟಿಸುವ ಮುಂಚೆ ಬದಿಯ ಪಟ್ಟಿಯಲ್ಲಿ ಸ್ಲಗ್ ತಿದ್ದಿ. ಕೊನೆಗೆ -2 ಅಂತ ಬಂದಿದ್ದರೆ ಅದೇ ಹೆಸರಿನ ಇನ್ನೊಂದು ಪುಟ ಎಲ್ಲೋ ಇದೆ ಅಂತ ಅರ್ಥ. ಸುಮ್ನೆ ಬಿಡಬೇಡಿ, ಹುಡುಕಿ.

ಬ್ಲಾಗರ್: ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವಿಳಾಸ "ಬ್ಲಾಗ್-ಪೋಸ್ಟ್" ಅಂತ ಬರುವುದನ್ನು ಎಲ್ಲರೂ ನೋಡಿದ್ದೀರಿ. ಮುಂದಿನದಕ್ಕೆ ಅದೇ ಹೆಸರು, ಪಕ್ಕದಲ್ಲಿ ಒಂದು ನಂಬರ್. ಕಾರಣ ಸರಳ, ಬ್ಲಾಗರ್ ಅಲ್ಲಿ ಕನ್ನಡ ಅಕ್ಷರ ಒಪ್ಪುವುದಿಲ್ಲ. ಪ್ರಕಟಿಸುವ ಮೊದಲೇ ಬಲಗಡೆ ಪರ್ಮಾಲಿಂಕ್ ಒತ್ತಿ, "ಕಸ್ಟಮ್" ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಪದಗಳನ್ನು ಬರೆಯಿರಿ. ವರ್ಷ ಮತ್ತು ತಿಂಗಳು ಅಲ್ಲಿ ಬಂದೇ ಬರುತ್ತವೆ, ಅದನ್ನು ತೆಗೆಯಲು ಆಗುವುದಿಲ್ಲ. ಇನ್ನೊಂದು ಉಪಾಯ ಇದೆ. ಮೊದಲು ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ಪ್ರಕಟಿಸಿ, ತಕ್ಷಣ ಶೀರ್ಷಿಕೆಯನ್ನು ಕನ್ನಡಕ್ಕೆ ಬದಲಾಯಿಸಿ. ವಿಳಾಸ ಹಾಗೆಯೇ ಉಳಿಯುತ್ತದೆ.

ಬೇರೆ ಸೇವೆ ಬಳಸುವವರು ಸ್ಲಗ್, ಪರ್ಮಾಲಿಂಕ್ ಅಥವಾ ಯುಆರ್‌ಎಲ್ ಅನ್ನುವ ಹೆಸರಿನ ಪೆಟ್ಟಿಗೆ ಹುಡುಕಿ. ಎಲ್ಲದರಲ್ಲೂ ಎಲ್ಲೋ ಒಂದು ಕಡೆ ಇರುತ್ತದೆ.

ಹೆಜ್ಜೆ 6: ಒಂದು ಪುಟಕ್ಕೆ ಒಂದೇ ವಿಳಾಸ

ನಮಗೆ ಒಂದೇ ಅನ್ನಿಸುವ ಪುಟಕ್ಕೆ ಎಂಟು ವಿಳಾಸ ಇರಬಹುದು. ಎಚ್‌ಟಿಟಿಪಿ ಒಂದು, ಎಚ್‌ಟಿಟಿಪಿಎಸ್ ಒಂದು. ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇದ್ದದ್ದು, ಇಲ್ಲದ್ದು. ಕೊನೆಗೆ ಓರೆಗೆರೆ ಇದ್ದದ್ದು, ಇಲ್ಲದ್ದು. ಎರಡನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿ. ಎಲ್ಲವೂ ತೆರೆದುಕೊಂಡರೆ ಯಾವುದು ಅಸಲು ಅಂತ ಗೂಗಲ್ ತಾನೇ ಊಹಿಸಬೇಕಾಗುತ್ತದೆ.

ನೀವೇ ಒಂದನ್ನು ತೀರ್ಮಾನಿಸಿ. ಎಚ್‌ಟಿಟಿಪಿಎಸ್ ಅಂತೂ ಬೇಕೇ ಬೇಕು. ಡಬ್ಲ್ಯುಡಬ್ಲ್ಯುಡಬ್ಲ್ಯು, ಕೊನೆಯ ಓರೆಗೆರೆ, ಇವು ನಿಮ್ಮ ಇಷ್ಟ. ಉಳಿದ ಏಳೂ ಆ ಒಂದಕ್ಕೆ ಬಂದು ಸೇರುವಂತೆ ಮಾಡಿ. ವರ್ಡ್‌ಪ್ರೆಸ್‌ನಂಥವು ಇದರಲ್ಲಿ ಬಹಳಷ್ಟನ್ನು ತಾವೇ ಮಾಡುತ್ತವೆ, ಆದರೂ ಎಂಟನ್ನೂ ಕೈಯಾರೆ ಟೈಪ್ ಮಾಡಿ ನೋಡಿ.

ಪ್ರಶ್ನೆ ಚಿಹ್ನೆಯ ಬಾಲ ಇನ್ನೊಂದು ಮೂಲ. ಬೆಲೆಯ ಪ್ರಕಾರ ಜೋಡಿಸಿದ ಪಟ್ಟಿ, ತೂಕದ ಪ್ರಕಾರ ಸೋಸಿದ ಪಟ್ಟಿ, ಜಾಹೀರಾತಿನಿಂದ ಬಂದವರನ್ನು ಲೆಕ್ಕ ಹಾಕುವ ಯುಟಿಎಂ ಸಂಕೇತ. ಇವುಗಳನ್ನು ತೆಗೆದುಹಾಕಬೇಕಿಲ್ಲ. ಪುಟದ ತಲೆಭಾಗದಲ್ಲಿ ಕೆನಾನಿಕಲ್ ಟ್ಯಾಗ್ ಹಾಕಿ, ಅಸಲು ವಿಳಾಸ ಇದು ಅಂತ ತಿಳಿಸಿ. ಗೂಗಲ್ ಅದನ್ನು ಆಜ್ಞೆ ಅಂತ ಅಲ್ಲ, ಬಲವಾದ ಸುಳಿವು ಅಂತ ತೆಗೆದುಕೊಳ್ಳುತ್ತದೆ. ಯುಟಿಎಂ ಬಾಲವನ್ನು ನಿಮ್ಮದೇ ಸೈಟ್‌ನ ಒಳಗಿನ ಲಿಂಕ್‌ಗಳಲ್ಲಿ ಬಳಸಬೇಡಿ.

ಹ್ಯಾಶ್ ಚಿಹ್ನೆಯ ನಂತರದ ಭಾಗವನ್ನು ಗೂಗಲ್ ಸಾಮಾನ್ಯವಾಗಿ ಬೇರೆ ಪುಟ ಅಂತ ಎಣಿಸುವುದಿಲ್ಲ. ಹಲಸು, ಉದ್ದು, ಗೆಣಸು ಮೂರನ್ನೂ ಹ್ಯಾಶ್ ಹಿಂದೆ ಅಡಗಿಸಿಟ್ಟರೆ ಅದರ ಕಣ್ಣಿಗೆ ಒಂದೇ ಪುಟ.

ಹೆಜ್ಜೆ 7: ಹಳೆಯ ವಿಳಾಸವನ್ನು ಸಾಯಲು ಬಿಡಬೇಡಿ

ಚಿಕ್ಕಮ್ಮ ಆ ಪ್ರಶ್ನೆ ಕೇಳಿದ ವಾರವೇ ನಾನು ಇಡೀ ಸೈಟನ್ನು ವರ್ಡ್‌ಪ್ರೆಸ್‌ಗೆ ಬದಲಾಯಿಸಿದೆ. ಎಲ್ಲ ವಿಳಾಸ ಚೊಕ್ಕವಾಯಿತು. ನನಗೆ ತುಂಬ ಸಂತೋಷ. ಆದರೆ ಅವರ ಹಪ್ಪಳದ ಪ್ಯಾಕೆಟ್‌ಗಳ ಮೇಲೆ ಹಳೆಯ ವಿಳಾಸದ ಕ್ಯೂಆರ್ ಕೋಡ್ ಅಚ್ಚಾಗಿತ್ತು. ಅದು ನನ್ನ ನೆನಪಿಗೇ ಬರಲಿಲ್ಲ. ಅಷ್ಟಮಿ ಹೊತ್ತಿಗೆ ಆ ಪ್ಯಾಕೆಟ್‌ಗಳು ಎಲ್ಲೆಲ್ಲಿಗೋ ಹೋಗಿದ್ದವು. ಸ್ಕ್ಯಾನ್ ಮಾಡಿದವರಿಗೆಲ್ಲ ಸಿಕ್ಕಿದ್ದು "ಪುಟ ಸಿಗಲಿಲ್ಲ" ಅನ್ನುವ 404 ಸಂದೇಶ. ಚಿಕ್ಕಮ್ಮ ಬೈಯಲಿಲ್ಲ. "ಅಂಗಡಿ ಮುಚ್ಚಿದ್ರಾ ಅಂತ ಇಬ್ಬರು ಕೇಳಿದ್ರು" ಅಂತ ಮಾತ್ರ ಹೇಳಿದರು. ಆ ಮಾತು ನನಗೆ ತುಂಬ ನೋವು ಕೊಟ್ಟಿತು.

ಮಾಡಬೇಕಾದ ಕ್ರಮ ಇದು. ಬದಲಾಯಿಸುವ ಮೊದಲು ಹಳೆಯ ವಿಳಾಸಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಎಡಗಡೆ ಬರೆಯಿರಿ. ಪ್ರತಿಯೊಂದರ ಎದುರು ಹೊಸದನ್ನು ಬರೆಯಿರಿ. ಆಮೇಲೆ ಒಂದೊಂದಕ್ಕೂ 301 ರೀಡೈರೆಕ್ಟ್ ಹಾಕಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಸೂಚನೆ. 301 ಅಂದರೆ "ಕಾಯಂ ಆಗಿ ಇಲ್ಲಿಗೆ ಬಂದಿದ್ದೇವೆ" ಅಂತ. 302 ಅಂದರೆ "ಸದ್ಯಕ್ಕೆ ಇಲ್ಲಿದ್ದೇವೆ" ಅಂತ. ಮನೆ ಬದಲಾಯಿಸಿದವರು ಹಾಕಬೇಕಾದ ಬೋರ್ಡ್ 301.

ಅಪಾಚೆ ಅನ್ನುವ ತಂತ್ರಾಂಶದಿಂದ ನಡೆಯುವ ಸರ್ವರ್‌ನಲ್ಲಿ ಸಾಮಾನ್ಯ ವಿಳಾಸಕ್ಕೆ ಒಂದು ಸಾಲಿನ ರೀಡೈರೆಕ್ಟ್ ಸಾಕು. ಆದರೆ ನಮ್ಮ ಹಳೆಯ ವಿಳಾಸದಲ್ಲಿ ಪ್ರಶ್ನೆ ಚಿಹ್ನೆ ಇತ್ತು. ಆ ಒಂದು ಸಾಲಿನ ಆಜ್ಞೆ ಪ್ರಶ್ನೆ ಚಿಹ್ನೆಯ ನಂತರದ್ದನ್ನು ಹೋಲಿಸಿ ನೋಡುವುದೇ ಇಲ್ಲ. ನನಗೆ ಅರ್ಧ ದಿನ ಹೋದದ್ದು ಇಲ್ಲಿಯೇ. ಅಂಥ ವಿಳಾಸಕ್ಕೆ ರೀರೈಟ್ ನಿಯಮ ಬರೆದು, ಐಡಿ 47 ಇದ್ದರೆ ಇಲ್ಲಿಗೆ ಕಳಿಸು ಅಂತ ಷರತ್ತು ಹಾಕಬೇಕು. ಕೋಡ್ ಬರೆಯಲು ಬಾರದವರು ವರ್ಡ್‌ಪ್ರೆಸ್‌ನ "ರೀಡೈರೆಕ್ಷನ್" ಪ್ಲಗಿನ್ ಹಾಕಿಕೊಳ್ಳಿ, ಅದರಲ್ಲಿ ಪೆಟ್ಟಿಗೆ ತುಂಬಿದರೆ ಆಯಿತು.

ವರ್ಡ್‌ಪ್ರೆಸ್‌ನಲ್ಲಿ ಪ್ರಕಟವಾದ ಪೋಸ್ಟಿನ ಸ್ಲಗ್ ಬದಲಾಯಿಸಿದರೆ ಹಳೆಯದರಿಂದ ಹೊಸದಕ್ಕೆ ಅದು ತಾನೇ ದಾರಿ ತೋರಿಸುತ್ತದೆ. ಆದರೆ "ಪೇಜ್" ವಿಭಾಗದ ಪುಟಗಳಿಗೆ ಈ ಸೌಲಭ್ಯ ಇಲ್ಲ. ಅವಕ್ಕೆ ನಾವೇ ಹಾಕಬೇಕು. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಕಸ್ಟಮ್ ರೀಡೈರೆಕ್ಟ್ ಅಂತ ಇದೆ.

ಇನ್ನು ಎರಡು ಎಚ್ಚರಿಕೆ. ಒಂದು, ಹಳೆಯದೆಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ. ಹಲಸಿನ ಹಪ್ಪಳ ಕೇಳಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗಾಗುತ್ತದೆ. ಅಂಥದ್ದನ್ನು ಗೂಗಲ್ ಕೂಡ ಪುಟ ಇಲ್ಲ ಅಂತಲೇ ಲೆಕ್ಕ ಹಾಕಬಹುದು. ಎರಡು, ಸರಪಳಿ ಮಾಡಬೇಡಿ. ಮೊದಲ ವಿಳಾಸ ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಅಂತ ಆದರೆ ಮೂಲ್ಕಿಯಲ್ಲಿ ಇಳಿದು ಬಸ್ಸು ಬದಲಾಯಿಸಿ, ಪಡುಬಿದ್ರಿಯಲ್ಲಿ ಮತ್ತೆ ಬದಲಾಯಿಸಿದ ಹಾಗೆ. ಗೂಗಲ್‌ನ ರೋಬೋಟ್ ಹತ್ತು ಸಲದವರೆಗೆ ಬದಲಾಯಿಸುತ್ತದೆ, ಮನುಷ್ಯರಿಗೆ ಅಷ್ಟು ತಾಳ್ಮೆ ಇಲ್ಲ. ಎಲ್ಲ ಹಳೆಯ ವಿಳಾಸವೂ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ನೇರ ಕೊನೆಯದಕ್ಕೇ ಹೋಗಲಿ.

ಕನಿಷ್ಠ ಒಂದು ವರ್ಷ ರೀಡೈರೆಕ್ಟ್ ಇಟ್ಟುಕೊಳ್ಳಿ ಅನ್ನುವುದು ಗೂಗಲ್‌ನ ಸಲಹೆ. ಅಚ್ಚಾದ ಕಾಗದ ಇದ್ದರೆ ನಾನಂತೂ ತೆಗೆಯುವುದೇ ಇಲ್ಲ. ಇಟ್ಟುಕೊಂಡರೆ ಖರ್ಚೇನೂ ಇಲ್ಲವಲ್ಲ.

ಚೆನ್ನಾಗಿ ನಡೆಯುತ್ತಿರುವ ಹಳೆಯ ಪುಟವನ್ನು ಬರೀ ಚಂದಕ್ಕಾಗಿ ಬದಲಾಯಿಸಬೇಡಿ. ವಿಳಾಸ ಸ್ವಲ್ಪ ಉದ್ದ ಇದೆ, ಅಂಡರ್‌ಸ್ಕೋರ್ ಇದೆ ಅನ್ನುವುದೆಲ್ಲ ಸಾಕಷ್ಟು ಕಾರಣ ಅಲ್ಲ. ಹೊಸ ಪುಟದಿಂದ ಸರಿ ಮಾಡುತ್ತಾ ಹೋಗಿ.

ಹೆಜ್ಜೆ 8: ಪರೀಕ್ಷಿಸಿ

ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಸೈಟ್ ಸೇರಿಸಿ. ಉಚಿತ. ಸೈಟ್‌ಮ್ಯಾಪ್, ಅಂದರೆ ಸೈಟ್‌ನ ಪುಟಗಳ ವಿಳಾಸದ ಪಟ್ಟಿ, ಕೊಡಿ. ಒಂದು ಸೈಟ್‌ಮ್ಯಾಪ್ ಕಡತದಲ್ಲಿ 50,000 ವಿಳಾಸದವರೆಗೆ ಇಡಬಹುದು, ನಮ್ಮಂಥವರಿಗೆ ಒಂದೇ ಸಾಕು. ಅದರಲ್ಲಿ ಅಸಲು ವಿಳಾಸಗಳು ಮಾತ್ರ ಇರಲಿ, ರೀಡೈರೆಕ್ಟ್ ಆಗುವಂಥವು ಬೇಡ. ಕೆಲವು ದಿನ ಬಿಟ್ಟು ಪುಟಗಳ ವರದಿ ತೆರೆದು 404 ಪಟ್ಟಿ ನೋಡಿ. ಯುಆರ್‌ಎಲ್ ಪರಿಶೀಲನೆಯ ಪೆಟ್ಟಿಗೆಯಲ್ಲಿ ಒಂದು ವಿಳಾಸ ಹಾಕಿದರೆ, ಗೂಗಲ್ ಯಾವುದನ್ನು ಅಸಲು ಅಂತ ಆರಿಸಿದೆ ಅನ್ನುವುದೂ ಗೊತ್ತಾಗುತ್ತದೆ. ನೀವು ಹೇಳಿದ್ದೂ ಅದು ಆರಿಸಿದ್ದೂ ಬೇರೆಯಾದರೆ ಆರನೇ ಹೆಜ್ಜೆಗೆ ವಾಪಸ್ ಹೋಗಿ.

ಸೈಟ್‌ನ ಒಳಗಿನ ಲಿಂಕ್‌ಗಳನ್ನು ಮರೆಯಬೇಡಿ. ಮೆನು, ಅಡಿಬರಹ, ಹಳೆಯ ಬರಹಗಳ ನಡುವಿನ ಲಿಂಕ್, ಎಲ್ಲವೂ ನೇರ ಹೊಸ ವಿಳಾಸಕ್ಕೇ ಹೋಗಬೇಕು.

ಕ್ಯೂಆರ್ ಅಚ್ಚು ಹಾಕಿಸುವವರು ಅದರೊಳಗೆ ನಿಮ್ಮದೇ ಡೊಮೇನ್‌ನ ಒಂದು ಪುಟ್ಟ ವಿಳಾಸ ಇಡಿ. ಬೇರೆಯವರ ಉಚಿತ ಲಿಂಕ್ ಚಿಕ್ಕದು ಮಾಡುವ ಸೇವೆಯನ್ನು ನಂಬಬೇಡಿ, ಅದು ನಿಂತ ದಿನ ನಿಮ್ಮ ಲೇಬಲ್ಲೂ ನಿಲ್ಲುತ್ತದೆ. ಕೋಡ್ ಕೆಳಗೆ ವಿಳಾಸವನ್ನು ಅಕ್ಷರದಲ್ಲೂ ಬರೆಸಿ. ಅಚ್ಚಿಗೆ ಕೊಡುವ ಮೊದಲು ಎರಡು ಬೇರೆ ಬೇರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಕೊನೆಯ ಪರೀಕ್ಷೆ ಫೋನಿನಲ್ಲೇ. ಸೈಟ್ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಕರೆ ಮಾಡಿ, ವಿಳಾಸವನ್ನು ಒಂದೇ ಸಲ ಹೇಳಿ, ಟೈಪ್ ಮಾಡಲು ಹೇಳಿ. ನಾವು ಹೊಸ ಲೇಬಲ್ ಅಚ್ಚಿಗೆ ಕೊಡುವ ಮೊದಲು ಚಿಕ್ಕಮ್ಮ ತಮ್ಮ ಅಕ್ಕನಿಗೆ, ಅಂದರೆ ಕುಂದಾಪುರದಲ್ಲಿರುವ ನನ್ನ ದೊಡ್ಡಮ್ಮನಿಗೆ ಫೋನ್ ಮಾಡಿದರು. ಅಂಗಡಿಯ ಹೆಸರು, ಡಾಟ್ ಇನ್, ಓರೆಗೆರೆ, ಹಪ್ಪಳ. ಅಷ್ಟೇ ಹೇಳಿದ್ದು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಾಂ, ಬಂತು. ಹಲಸಿಂದು ಅರ್ಧ ಕಿಲೋ ಕಳ್ಸು" ಅಂದರು ದೊಡ್ಡಮ್ಮ.